ಹೆಸರು ಕೇಳಿದರೆ ಸುಮ್ಮನಿದ್ದವರು: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಮಿತ್ರರೇ,

ಇಂಡೋನೇಷ್ಯಾ ಸಂಸತ್ತಿನ ಸ್ಪೀಕರ್ ಆಗಿದ್ದ ಸೆತ್ಯ ನೊವಾಂತೊ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲಾಗುವುದಿಲ್ಲ. 'ವಿಷಾದದೊಂದಿಗೆ ಹಿಂತಿರುಗಿಸಿದೆ' ಎಂಬ ಚೀಟಿ ಅಂಟಿಸಿ ಕೈತೊಳೆದುಕೊಳ್ಳೋಣ ಎಂದರೆ ಅದಕ್ಕೂ ಮನಸ್ಸು ಬರಲಿಲ್ಲ. ಒಂಬತ್ತನೇ ಪುಟದ ಒಂದು ವಾಕ್ಯ ತಡೆಯಿತು.

'ವಿಚಾರಣೆಯ ಮೊದಲ ದಿನ ನ್ಯಾಯಾಧೀಶರು ಹೆಸರು ಕೇಳಿದಾಗ ನೊವಾಂತೊ ಉತ್ತರಿಸಲಿಲ್ಲ.' ಇಷ್ಟು ಬರೆದು ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟಿದ್ದೀರಿ. ಸ್ವಾಮಿ, ನಿಮ್ಮ ಲೇಖನ ಇರುವುದೇ ಅಲ್ಲಿ! ದೇಶದ ಜನರಿಗೆಲ್ಲ ಗುರುತಿನ ಚೀಟಿ ಕೊಡುವ ಯೋಜನೆಯಲ್ಲಿ ದುಡ್ಡು ಹೊಡೆದ ಆರೋಪ ಹೊತ್ತು ನಿಂತಿರುವ ಮನುಷ್ಯ, ನಿಮ್ಮ ಹೆಸರೇನು ಎಂದರೆ ಬಾಯಿ ಬಿಡುತ್ತಿಲ್ಲ. 2017ರ ಡಿಸೆಂಬರ್ 13, ಜಕಾರ್ತದ ನ್ಯಾಯಾಲಯ. ಹೊಟ್ಟೆ ಕೆಟ್ಟಿದೆ ಎನ್ನುತ್ತಾರೆ. ವೈದ್ಯರು ಪರೀಕ್ಷಿಸಿ, ವಿಚಾರಣೆ ಎದುರಿಸುವಷ್ಟು ಗಟ್ಟಿಯಾಗಿದ್ದಾರೆ ಎನ್ನುತ್ತಾರೆ. ಕಲಾಪ ನಿಲ್ಲುತ್ತದೆ, ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ.

ಇದನ್ನು ನೀವು 'ನಾಟಕ' ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ನಾಟಕವೇ ಇರಲಿ, ಅದು ಅವತ್ತೇ ಯಾಕೆ? ತಮ್ಮನ್ನು ಆರೋಪಿ ಎಂದು ಹೆಸರಿಸಿದ್ದೇ ಸರಿಯಲ್ಲ ಎಂದು ಅರ್ಜಿ ಹಾಕಿ ಅವರು ಸೆಪ್ಟೆಂಬರ್ 29ರಂದು ಒಮ್ಮೆ ಗೆದ್ದಿದ್ದರು. ಭ್ರಷ್ಟಾಚಾರ ನಿಗ್ರಹ ಆಯೋಗ ನವೆಂಬರ್ 10ರಂದು ಮತ್ತೆ ಅವರನ್ನು ಆರೋಪಿಯಾಗಿಸಿತು. ಅವರು ಮತ್ತೆ ಅರ್ಜಿ ಹಾಕಿದರು. ಅದರ ತೀರ್ಪು ಬರಬೇಕಿದ್ದದ್ದು ಡಿಸೆಂಬರ್ 14ಕ್ಕೆ. ಅಲ್ಲಿನ ಆಗಿನ ಕಾನೂನಿನಲ್ಲಿ ಮುಖ್ಯ ವಿಚಾರಣೆ ಶುರುವಾದರೆ ಇಂಥ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತಿತ್ತು. ಅಂದರೆ ಒಂದೇ ಒಂದು ದಿನ ತಳ್ಳಿದ್ದರೆ ಸಾಕಿತ್ತು. ಆದರೆ ಸಂಜೆಯ ಹೊತ್ತಿಗೆ ಆರೋಪಪಟ್ಟಿ ಓದಿಯಾಯಿತು, ಮಾರನೆಯ ದಿನ ಅರ್ಜಿ ಬಿತ್ತು. ಈ ತಾರೀಖುಗಳನ್ನು ಓದುಗನ ಮುಂದಿಡಿ. ನಾಟಕ ಹೌದೋ ಅಲ್ಲವೋ ಅವನೇ ಹೇಳಿಕೊಳ್ಳಲಿ.

ನೀವು ಶುರು ಮಾಡಿದ್ದು ಎಲ್ಲಿಂದ? ಬಂಡುಂಗ್‌ನಲ್ಲಿ ಜನನ, ವಿದ್ಯಾಭ್ಯಾಸ, ಅಕ್ಕಿ ವ್ಯಾಪಾರ, ಕಾರು ಮಾರಾಟ, ಉದ್ಯಮ, 1999ರಲ್ಲಿ ಸಂಸತ್ತು. ಮದುವೆ ದಲ್ಲಾಳಿಗೆ ಕೊಡುವ ಬಯೋಡೇಟಾದಲ್ಲೂ ಇದಕ್ಕಿಂತ ಸ್ವಾರಸ್ಯ ಇರುತ್ತದೆ. ಮೊದಲ ಐದು ಪುಟದಲ್ಲಿ ಅವರು 'ಕಷ್ಟದಿಂದ ಮೇಲೆ ಬಂದ ಸಾಧಕ', ಉಳಿದ ಪುಟಗಳಲ್ಲಿ 'ಧನದಾಹಿ'. ಒಂದೇ ಹೆಸರಿನ ಇಬ್ಬರು ನಿಮ್ಮ ಲೇಖನದಲ್ಲಿದ್ದಾರೆ, ಅವರಿಬ್ಬರಿಗೂ ಪರಿಚಯವೇ ಇಲ್ಲ. ನನಗಂತೂ ಇಬ್ಬರಲ್ಲೂ ಕಾಣುವುದು ಒಂದೇ ಜಾಣತನ: ಬೇಕಾದವರ ಹತ್ತಿರ ಹೋಗಿ ನಿಲ್ಲುವುದು. ಕಾಲೇಜಿನ ದಿನಗಳಲ್ಲಿ ಅವರು ಇದ್ದದ್ದು ಮುಂದೆ ಮಂತ್ರಿಯಾದ ಸಹಪಾಠಿಯೊಬ್ಬರ ಮನೆಯಲ್ಲಿ. ಬಂಡುಂಗ್‌ನಲ್ಲಿ ಹುಟ್ಟಿ, ಸುರಬಾಯಾದಲ್ಲಿ ಓದಿದವರು ಆರಿಸಿ ಬಂದದ್ದು ದೂರದ, ಬಡ ಪೂರ್ವ ನುಸಾ ತೆಂಗಾರಾ ಪ್ರಾಂತ್ಯದಿಂದ. 2015ರ ಸೆಪ್ಟೆಂಬರ್‌ನಲ್ಲಿ, ಸ್ಪೀಕರ್ ಆಗಿದ್ದಾಗ, ನ್ಯೂಯಾರ್ಕ್‌ನಲ್ಲಿ ಡೊನಾಲ್ಡ್ ಟ್ರಂಪ್ ಚುನಾವಣಾ ಪತ್ರಿಕಾಗೋಷ್ಠಿಯಲ್ಲಿ ಅವರ ಪಕ್ಕದಲ್ಲೇ ಕಾಣಿಸಿಕೊಂಡರು. ಈ ಮೂರನ್ನೂ ನೀವೇ ಹೇಳಿದ್ದೀರಿ, ಒಂದೊಂದನ್ನು ಒಂದೊಂದು ಮೂಲೆಯಲ್ಲಿ. ಹತ್ತಿರ ತನ್ನಿ.

ಈಗ ತಪ್ಪುಗಳು. ಇಲ್ಲಿ ಸ್ವಲ್ಪ ಗದರುತ್ತೇನೆ.

ಬ್ಯಾಂಕ್ ಬಾಲಿ ಹಗರಣದಲ್ಲಿ ಅವರನ್ನು 'ಅಪರಾಧಿ' ಎಂದು ಬರೆದಿದ್ದೀರಿ. ಅವರು ನಿರ್ದೇಶಕರಾಗಿದ್ದ ಕಂಪನಿಗೆ ಆ ಬ್ಯಾಂಕಿನಿಂದ 54,600 ಕೋಟಿ ರುಪಿಯಾ (ಅದು ಇಂಡೋನೇಷ್ಯಾದ ಹಣ) ಹೋದದ್ದು ನಿಜ. ಆದರೆ ಅವರ ಮೇಲಿನ ಪ್ರಕರಣವನ್ನು ಸರ್ಕಾರಿ ವಕೀಲರೇ ಕೈಬಿಟ್ಟರು. 2015ರ ಫ್ರೀಪೋರ್ಟ್ ಗಣಿ ಪ್ರಕರಣವೂ ಹಾಗೆಯೇ. ದೇಶದ ಅಧ್ಯಕ್ಷರ ಹೆಸರು ಹೇಳಿ ಗಣಿ ಕಂಪನಿಯ ಷೇರು ಕೇಳಿದರು ಎಂಬ ಆರೋಪ, ಧ್ವನಿಮುದ್ರಿಕೆ, ಸಂಸತ್ತಿನ ನೈತಿಕ ಸಮಿತಿ ಎಲ್ಲ ಇತ್ತು. ಸ್ಪೀಕರ್ ಸ್ಥಾನಕ್ಕೆ ರಾಜೀನಾಮೆಯನ್ನೂ ಕೊಟ್ಟರು. ಶಿಕ್ಷೆ ಮಾತ್ರ ಆಗಲಿಲ್ಲ. ವರ್ಷ ತುಂಬುವುದರೊಳಗೆ ಅದೇ ಕುರ್ಚಿಗೆ ಮರಳಿದರು. ಜೈಲಾದದ್ದು ಗುರುತಿನ ಚೀಟಿ ಪ್ರಕರಣದಲ್ಲಿ: 2018ರ ಏಪ್ರಿಲ್ 24ರಂದು 15 ವರ್ಷ. ಕೋರ್ಟು ಹೇಳದ್ದನ್ನು ನಾವು ಹೇಳಿದರೆ ನೋಟಿಸು ಬರುವುದು ಪತ್ರಿಕೆಗೆ.

'5.9 ಲಕ್ಷ ಕೋಟಿಯ ಯೋಜನೆ' ಎಂದಿದ್ದೀರಿ. ಓದುಗ ಇದನ್ನು ನಮ್ಮ ರೂಪಾಯಿಯೆಂದೇ ಓದಿ ಹೌಹಾರುತ್ತಾನೆ. ಅದು ರುಪಿಯಾ, ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ಮೂರು ಸಾವಿರ ಕೋಟಿ. ಅದರಲ್ಲಿ ಬೊಕ್ಕಸಕ್ಕೆ ಆದ ನಷ್ಟ 2.3 ಲಕ್ಷ ಕೋಟಿ ರುಪಿಯಾ. ಈ ಅನುಪಾತವನ್ನು ಮೊದಲು ಹೇಳಿ, ಸೊನ್ನೆಗಳನ್ನು ಆಮೇಲೆ ಎಣಿಸೋಣ. ಹಾಗೆಯೇ 'ಡಿಪಿಆರ್‌ನಲ್ಲಿ ಪ್ರಭಾವಿಯಾಗಿದ್ದರು' ಎಂಬ ಸಾಲು. ನಮ್ಮೂರಲ್ಲಿ ಡಿಪಿಆರ್ ಎಂದರೆ ಸೇತುವೆಗೋ ನೀರಾವರಿಗೋ ಎಂಜಿನಿಯರುಗಳು ತಯಾರಿಸುವ ವರದಿ. ಸಂಸತ್ತಿನ ಕೆಳಮನೆ ಎಂದು ಬಿಡಿಸಿ ಬರೆಯಿರಿ.

ವಿದ್ಯುತ್ ಕಂಬದ ಪ್ರಸಂಗ ಚೆನ್ನಾಗಿ ಬಂದಿದೆ. 2017ರ ನವೆಂಬರ್ 15ರ ರಾತ್ರಿ ಆಯೋಗದವರು ಮನೆಗೆ ಹೋದರೆ ಆಸಾಮಿ ಇಲ್ಲ. ಮರುದಿನ ಸಂಜೆ ಅವರಿದ್ದ ಕಾರು ಕಂಬಕ್ಕೆ ಗುದ್ದುತ್ತದೆ, ಅವರು ಆಸ್ಪತ್ರೆ ಸೇರುತ್ತಾರೆ. ಹಣೆಯ ಮೇಲೆ ಬಕ್‌ಪಾವ್‌ನಷ್ಟು ದೊಡ್ಡ ಬುಗುಟು ಎಂದು ವಕೀಲರು ಹೇಳುತ್ತಾರೆ. ಜನ ಕಂಬಕ್ಕೆ ಸಂತಾಪ ಸೂಚಿಸುತ್ತಾರೆ! ಆದರೆ ಬಕ್‌ಪಾವನ್ನು ನೀವು ಇಡ್ಲಿ ಮಾಡಿಬಿಟ್ಟಿದ್ದೀರಿ. ಯಾಕೆ? ಹಬೆಯಲ್ಲಿ ಬೇಯಿಸಿದ, ಒಳಗೆ ಹೂರಣವಿರುವ ಬನ್ನು ಎಂದರೆ ನಮ್ಮ ಓದುಗನಿಗೆ ಅರ್ಥವಾಗುವುದಿಲ್ಲವೇ? ಜಕಾರ್ತದ ಹಣೆಯ ಮೇಲೆ ಉಡುಪಿ ಹೋಟೆಲಿನ ಇಡ್ಲಿ ಬೇಡ. ಇನ್ನೊಂದು, ನಗುವಿನ ಭರದಲ್ಲಿ ಬಿಟ್ಟುಹೋಗಿದೆ: ಆ ವಕೀಲರಿಗೂ ಆಸ್ಪತ್ರೆಯ ವೈದ್ಯರೊಬ್ಬರಿಗೂ ತನಿಖೆಗೆ ಅಡ್ಡಿಪಡಿಸಿದ್ದಕ್ಕೆ ಜೈಲಾಯಿತು.

ನನ್ನ ದೊಡ್ಡ ತಕರಾರು ಬೇರೆ. ಹನ್ನೆರಡು ಪುಟದಲ್ಲಿ ಗುರುತಿನ ಚೀಟಿಗಾಗಿ ಸಾಲಿನಲ್ಲಿ ನಿಂತ ಒಬ್ಬ ಮನುಷ್ಯನೂ ಇಲ್ಲ. ಬೆರಳಚ್ಚು ಕೊಟ್ಟು, ಫೋಟೊ ತೆಗೆಸಿಕೊಂಡು ಬಂದವರಿಗೆ ಖಾಲಿ ಕಾರ್ಡಿನ ದಾಸ್ತಾನಿಲ್ಲ ಎಂದು 2016-17ರಲ್ಲಿ ಒಂದು ಕಾಗದದ ಪತ್ರ ಕೊಟ್ಟು ಕಳಿಸುತ್ತಿದ್ದರು. ಕಾರ್ಡಿನ ಬದಲಿಗೆ ಅದನ್ನೇ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ತಿರುಗಬೇಕು. ಆಧಾರ್ ಕೇಂದ್ರದ ಮುಂದೆ ಬೆಳಗಿನ ಜಾವ ಟೋಕನ್‌ಗೆ ನಿಂತ ನಮ್ಮ ಓದುಗನಿಗೆ ಆ ಪತ್ರದ ಬಗ್ಗೆ ನಾಲ್ಕು ಸಾಲು ಸಿಕ್ಕರೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ನೊವಾಂತೊ ಪಡೆದರು ಎಂದು ತೀರ್ಪಿನಲ್ಲಿ ಬರುವ 1,35,000 ಡಾಲರಿನ ಕೈಗಡಿಯಾರವನ್ನು ಆ ಕಾಗದದ ಪಕ್ಕದಲ್ಲಿಡಿ. ನೀವು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ.

ಕೊನೆಯ ಪುಟ ಪೂರ್ತಿ ಹೊಡೆದುಹಾಕಿದ್ದೇನೆ. 'ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ' ಎಂಬುದು ನಮ್ಮ ಓದುಗನಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಗೊತ್ತಾಗಿರುತ್ತದೆ. ಅಷ್ಟಕ್ಕೂ ನಿಮ್ಮ ಕಥೆ 2018ಕ್ಕೇ ನಿಂತಿದೆ. ಅವರನ್ನು ಇಟ್ಟದ್ದು ಸುಕಮಿಸ್ಕಿನ್ ಜೈಲಿನಲ್ಲಿ, ಅದೂ ಬಂಡುಂಗ್‌ನಲ್ಲೇ, ಹುಟ್ಟಿದ ಊರಲ್ಲೇ. ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸುಕಾರ್ನೊ ಅವರನ್ನು ಡಚ್ಚರು ಕೂಡಿಹಾಕಿದ್ದೂ ಇದೇ ಜೈಲಿನಲ್ಲಿ. 2019ರಲ್ಲಿ ಚಿಕಿತ್ಸೆಗೆಂದು ಹೊರಗೆ ಬಂದಾಗ ಪಡಲಾರಂಗ್‌ನ ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಜನರ ಕಣ್ಣಿಗೆ ಬಿದ್ದರು. 2025ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಹನ್ನೆರಡೂವರೆ ವರ್ಷಕ್ಕೆ ಇಳಿಸಿತು. ಆ ಆಗಸ್ಟ್ 16ರಂದು, ಅಲ್ಲಿನ ಸ್ವಾತಂತ್ರ್ಯ ದಿನದ ಹಿಂದಿನ ದಿನ, ಪೆರೋಲ್ ಮೇಲೆ ಹೊರಬಂದರು. ಇಷ್ಟನ್ನು ಬರೆದು ಪೆನ್ನು ಕೆಳಗಿಡಿ.

ಸಾವಿರದ ಇನ್ನೂರು ಪದ, ಒಂದು ಪದ ಜಾಸ್ತಿಯಾದರೂ ಕತ್ತರಿ ನನ್ನದು. ಕೋರ್ಟಿನ ದೃಶ್ಯದಿಂದ ಶುರು ಮಾಡಿ ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ. ಸಂಭಾವನೆ ಎಷ್ಟು ಎಂದು ಕೇಳಿದ್ದೀರಿ. ಆ ಕೈಗಡಿಯಾರದ ಪಟ್ಟಿಯೂ ಬರುವುದಿಲ್ಲ.

ನಿಮ್ಮ,
ಸಂಪಾದಕ