ಜೋನಿಬೆಲ್ಲಕ್ಕೆ ಯಾವ ಪಂಪು?

ಪ್ರಶ್ನೆ: ಜೋನಿಬೆಲ್ಲವನ್ನು ಡಬ್ಬಿಗಳಲ್ಲಿ ತುಂಬಿ ಮಾರುವ ಸಣ್ಣ ಘಟಕ ನಮ್ಮದು. ಕೆಳಗಿನ ತೊಟ್ಟಿಯಿಂದ 4 ಮೀಟರ್ ಎತ್ತರದ ಟ್ಯಾಂಕಿಗೆ ಬೆಲ್ಲ ಏರಿಸಲು, ನೀರಿಗೆ ಬಳಸುವ 1 ಎಚ್‌ಪಿ ಮೋನೋಬ್ಲಾಕ್ ಪಂಪನ್ನೇ ಹಾಕಿದ್ದೇವೆ. ಬೆಲ್ಲ ಬಿಸಿಯಿರುವಾಗ ಹೇಗೋ ಏರುತ್ತದೆ; ಆರಿದ ಮೇಲೆ ಮೋಟಾರು ಬಿಸಿಯಾಗುತ್ತದೆಯೇ ಹೊರತು ಬೆಲ್ಲ ಮೇಲೆ ಹೋಗುವುದಿಲ್ಲ. ವ್ಯಾಪಾರಿಗಳಲ್ಲಿ ಒಬ್ಬರು 3 ಎಚ್‌ಪಿ ಪಂಪು ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಗೇರ್ ಪಂಪು, ಮತ್ತೊಬ್ಬರು ಸ್ಕ್ರೂ ಪಂಪು ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: 3 ಎಚ್‌ಪಿಯ ಸಲಹೆಯನ್ನು ಮೊದಲೇ ಕೈಬಿಡಿ. ಪಂಪನ್ನು ಎಚ್‌ಪಿ ಲೆಕ್ಕದಲ್ಲಿ ಅಳೆಯುವುದು ನೀರೆತ್ತುವವರ ರೂಢಿ. ಮಂದ ದ್ರವಕ್ಕೆ ಅದು ಸಲ್ಲುವುದಿಲ್ಲ. ನಿಮ್ಮಲ್ಲಿರುವುದು ಸೆಂಟ್ರಿಫ್ಯೂಗಲ್ ಪಂಪು. ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವ ಅದರ ಇಂಪೆಲ್ಲರ್ (ರೆಕ್ಕೆಗಳಿರುವ ಚಕ್ರ), ನಡುವಿನ ಕಣ್ಣಿಗೆ ತಾನಾಗಿ ಹರಿದು ಬಂದ ದ್ರವವನ್ನು ಅಂಚಿಗೆ ಎಸೆಯುತ್ತದೆ ಮತ್ತು ಆ ವೇಗವೇ ಕವಚದೊಳಗೆ ಒತ್ತಡವಾಗಿ ಮಾರ್ಪಡುತ್ತದೆ. ಆರಿದ ಜೋನಿಬೆಲ್ಲ ನೀರಿಗಿಂತ ನೂರಾರು ಪಟ್ಟು, ಗಟ್ಟಿಯಾಗಿದ್ದರೆ ಸಾವಿರಾರು ಪಟ್ಟು ಹೆಚ್ಚು ಮಂದವಾಗಿರುವುದರಿಂದ ಕಣ್ಣಿನವರೆಗೆ ಬರುವುದೇ ಕಷ್ಟ; ಬಂದಷ್ಟನ್ನು ಕಲಕುವುದರಲ್ಲಿಯೇ ಮೋಟಾರಿನ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ದೊಡ್ಡ ಮೋಟಾರು ಹಾಕಿದರೆ ಕರೆಂಟು ಇನ್ನಷ್ಟು ಖರ್ಚಾದೀತು, ಅಷ್ಟೇ.

ಗೇರ್ ಪಂಪು ಮತ್ತು ಸ್ಕ್ರೂ ಪಂಪು ಎರಡೂ ಬೇರೆಯೇ ಜಾತಿಯವು. ಇವು ದ್ರವವನ್ನು ಎಸೆಯುವುದಿಲ್ಲ. ಪ್ರತಿ ಸುತ್ತಿಗೂ ನಿಗದಿತ ಪ್ರಮಾಣವನ್ನು ಹಿಡಿದು ಮುಂದಕ್ಕೆ ತಳ್ಳುತ್ತವೆ. ಗೇರ್ ಪಂಪು ಎಣ್ಣೆಯಂಥ ಶುದ್ಧ ದ್ರವಕ್ಕೆ ಬಹಳ ಒಳ್ಳೆಯದು. ಆದರೆ ಅದರ ಹಲ್ಲುಗಳ ನಡುವಿನ ಸಂದು ತೀರಾ ಕಿರಿದು. ಬೆಲ್ಲದಲ್ಲಿ ಕಟ್ಟುವ ಸಕ್ಕರೆಯ ಹರಳು ಮತ್ತು ಸೋಸಿದರೂ ಉಳಿಯುವ ಸಣ್ಣ ಮರಳು ಆ ಹಲ್ಲುಗಳನ್ನು ಬೇಗ ಸವೆಸುತ್ತವೆ. ಆದ್ದರಿಂದ ಸ್ಕ್ರೂ ಪಂಪೇ ನಿಮಗೆ ಸರಿ. ಸ್ಕ್ರೂ ಪಂಪುಗಳಲ್ಲಿ ಹಲವು ಬಗೆಗಳಿರುವುದರಿಂದ, ರಬ್ಬರಿನ ಸ್ಟೇಟರ್ (ತಿರುಗದೆ ನಿಲ್ಲುವ ಹೊರಭಾಗ) ಒಳಗೆ ಒಂದೇ ಸ್ಟೀಲ್ ರೋಟರ್ (ಸ್ಕ್ರೂ ಆಕಾರದ ದಂಡ) ತಿರುಗುವ ಬಗೆಯನ್ನೇ ಕೇಳಿ. ರೋಟರ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ರಬ್ಬರು ಆಹಾರಕ್ಕೆ ಯೋಗ್ಯವಾದದ್ದಾಗಿರಲಿ ಮತ್ತು ನೀವು ಹಾಯಿಸುವ ಬೆಲ್ಲದ ಬಿಸಿಯನ್ನು ಅದು ತಾಳುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ವೇಗ ನಿಮಿಷಕ್ಕೆ 200–300 ಸುತ್ತು ಮೀರದಂತೆ ಗೇರ್‌ಬಾಕ್ಸ್ ಹಾಕಿಸಿ. ಹಲ್ಲುಗಳ ಬದಲು ದುಂಡನೆಯ ಉಬ್ಬುಗಳು ತಿರುಗುವ ಲೋಬ್ ಪಂಪೂ ಈ ಕೆಲಸಕ್ಕೆ ಆಗುತ್ತದೆ, ತೊಳೆಯಲು ಇನ್ನೂ ಸುಲಭ. ಆದರೆ ಸಣ್ಣ ಘಟಕಕ್ಕೆ ಅದರ ಬೆಲೆ ಭಾರ.

ಹೊಸ ಪಂಪಿಗೆ ನಿಮ್ಮ ಹಳೆಯ ಅಭ್ಯಾಸಗಳು ಒಗ್ಗುವುದಿಲ್ಲ. ಮೋನೋಬ್ಲಾಕ್ ಪಂಪಿನ ಹೊರವಾಲ್ವನ್ನು ಮುಚ್ಚಿ ಚಾಲೂ ಮಾಡಿದರೆ ತಕ್ಷಣ ಅಪಾಯವಿಲ್ಲ. ಸ್ಕ್ರೂ ಪಂಪಿಗೆ ಹಾಗೆ ಮಾಡಿದರೆ ಒತ್ತಡ ಏರುತ್ತಲೇ ಹೋಗಿ ಪೈಪು ಒಡೆಯಬಹುದು, ಸ್ಟೇಟರ್ ಹರಿಯಬಹುದು. ಹೊರಪೈಪಿಗೆ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆಯುವ ವಾಲ್ವ್) ಇರಲೇಬೇಕು. ಒಳಗೆ ದ್ರವವಿಲ್ಲದೆ ಪಂಪನ್ನು ಸ್ವಲ್ಪ ಹೊತ್ತು ಓಡಿಸಿದರೂ ರಬ್ಬರು ಸುಟ್ಟುಹೋಗುತ್ತದೆ. ಪಂಪು ತೊಟ್ಟಿಯ ತಳಕ್ಕಿಂತ ಕೆಳಗಿರಲಿ. ತೊಟ್ಟಿಯಿಂದ ಪಂಪಿಗೆ ಬರುವ ಒಳಪೈಪು ಗಿಡ್ಡದಾಗಿ, 2 ಅಂಗುಲಕ್ಕೆ ಕಡಿಮೆಯಿಲ್ಲದಂತೆ, ತಿರುವುಗಳಿಲ್ಲದೆ ಇರಲಿ. ದಿನದ ಕೆಲಸ ಮುಗಿದ ಕೂಡಲೇ ಬಿಸಿನೀರು ಹಾಯಿಸಿ ತೊಳೆಯದಿದ್ದರೆ ಒಳಗೆ ಹರಳುಗಟ್ಟಿದ ಬೆಲ್ಲ ಮರುದಿನ ರಬ್ಬರನ್ನು ಹರಿಯುತ್ತದೆ. ಆ ನೀರನ್ನು ಹಾಯಿಸಲು ನಿಮ್ಮ ಹಳೆಯ ಮೋನೋಬ್ಲಾಕ್ ಧಾರಾಳವಾಗಿ ಸಾಕು, ಅದನ್ನು ಮಾರಬೇಡಿ.