ಗುಂಡಿ ತೋಡೋ ಮೊದಲು ದಾರ ಕಟ್ಟಿ

ಪ್ರಶ್ನೆ: ನಮ್ಮ ಹಿತ್ತಲಿಗೂ ಪಕ್ಕದ ಮನೆಯವರ ಹಿತ್ತಲಿಗೂ ಮಧ್ಯ ಇದ್ದ ಮರದ ಬೇಲಿ ಜೋರು ಗಾಳಿಗೆ ಬಿದ್ದೋಯ್ತು. ಈಗ 6 ಅಡಿ ಎತ್ತರಕ್ಕೆ ಹಲಗೆ ಬೇಲಿ ಹಾಕಿಸೋಣ ಅಂತಿದೀವಿ. ಹಳೇ ಗುಂಡಿಗಳಲ್ಲೇ ಕಂಬ ನೆಡಬಹುದಾ? ಕೆಲಸದವರು ಒಂದಡಿ ಆಳ ಸಾಕು ಅಂತಿದಾರೆ. ಖರ್ಚೆಲ್ಲ ನಮ್ಮದೇ, ಆದ್ರೂ ಪಕ್ಕದವರನ್ನ ಕೇಳ್ಲೇಬೇಕಾ?

ಉತ್ತರ: ಕೇಳ್ಲೇಬೇಕು. ದುಡ್ಡು ನಿಮ್ಮದೇ ಇರ್ಬಹುದು, ಆದ್ರೆ ಬೇಲಿಯ ಇನ್ನೊಂದು ಮಗ್ಗುಲನ್ನ ದಿನಾ ಎದ್ದು ನೋಡೋರು ಅವರು, ಅದರ ನೆರಳು ಬೀಳೋದು ಅವರ ಗಿಡಗಳ ಮೇಲೂ. ಹಳೇ ಬೇಲಿ ಇದ್ದ ಜಾಗನೇ ಗಡಿ ಅಂತ ನಂಬ್ಕೋಬೇಡಿ, ಎಷ್ಟೋ ಕಡೆ ಹಿಂದಿನವರು ಅಂದಾಜಲ್ಲಿ ನೆಟ್ಟಿರ್ತಾರೆ. ಪತ್ರದಲ್ಲಿರೋ ಅಳತೆ, ಗಡಿಕಲ್ಲು ನೋಡಿ, ಎರಡೂ ತುದಿಗೆ ಗೂಟ ಹೊಡೆದು ಬಿಗಿಯಾಗಿ ದಾರ ಕಟ್ಟಿ, ಅವರನ್ನ ಕರೆದು ತೋರಿಸಿ, ಒಂದು ವಾರ ಹಾಗೇ ಬಿಡಿ. ತಕರಾರು ಬಂದ್ರೆ ದಾರ ಸರಿಸೋಕೆ ಎರಡು ನಿಮಿಷ ಸಾಕು, ಕಾಂಕ್ರೀಟ್ ಹಾಕಿದ ಕಂಬ ಕಿತ್ತು ಸರಿಸೋದು ಯಾರಿಗೆ ಬೇಕು ಹೇಳಿ. ಎಷ್ಟು ಎತ್ತರಕ್ಕೆ ಅನುಮತಿ ಇದೆ ಅಂತನೂ ಆಗಲೇ ವಿಚಾರಿಸ್ಕೊಳ್ಳಿ.

ಒಂದಡಿ ಖಂಡಿತ ಸಾಕಾಗಲ್ಲ. 6 ಅಡಿ ಮೇಲೆ ನಿಲ್ಬೇಕಂದ್ರೆ ಕನಿಷ್ಠ 2 ಅಡಿ ಒಳಗಿರ್ಬೇಕು, ಅಂದ್ರೆ 8 ಅಡಿ ಕಂಬನೇ ತರಿಸಿ, ಒಂದಕ್ಕೊಂದು 6ರಿಂದ 8 ಅಡಿ ದೂರ ಇರ್ಲಿ. ಹಳೇ ಗುಂಡಿ ಬೇಡ, ಅಲ್ಲಿ ಮಣ್ಣು ಸಡಿಲ ಆಗಿರುತ್ತೆ, ಅದೇ ಸಾಲಲ್ಲಿ ಎರಡು ಹಳೇ ಗುಂಡಿಗಳ ನಡುವೆ ಹೊಸದು ತೋಡಿಸಿ.

ನಮ್ಮನೆ ಬೇಲಿ ಬಿದ್ದಾಗ ಕಂಬ ಕಿತ್ತು ನೋಡಿದ್ದೆ, ಮಣ್ಣೊಳಗಿನ ಬುಡ ಗಟ್ಟಿಯಾಗಿತ್ತು, ಮೇಲಿನ ಭಾಗನೂ ಚೆನ್ನಾಗಿತ್ತು, ಸರಿಯಾಗಿ ನೆಲದ ಮಟ್ಟದಲ್ಲಿ ನಾಲ್ಕು ಬೆರಳಷ್ಟು ಜಾಗ ಮಾತ್ರ ಉಗುರಲ್ಲಿ ಕೆರೆದ್ರೆ ಪುಡಿಪುಡಿ ಆಗಿ ಉದುರ್ತಿತ್ತು. ತೇವ, ಗಾಳಿ ಎರಡೂ ಸಿಗೋದು ಅಲ್ಲೇ, ಮರ ಕೊಳೆಯೋದೂ ಅಲ್ಲೇ. ಅದಕ್ಕೇ ಗುಂಡಿ ತಳಕ್ಕೆ ನಾಲ್ಕೈದು ಇಂಚು ಜಲ್ಲಿ ಹಾಕಿಸಿ, ಕಾಂಕ್ರೀಟನ್ನ ನೆಲಕ್ಕಿಂತ ಸ್ವಲ್ಪ ಮೇಲಕ್ಕೆ ತಂದು ಕಂಬದಿಂದ ಹೊರಗಡೆಗೆ ಇಳಿಜಾರು ಕೊಡಿಸಿ, ಮಳೆನೀರು ಬುಡದಲ್ಲಿ ನಿಲ್ಲಬಾರದು. ಹಲಗೆನೂ ಅಷ್ಟೇ, ಮಣ್ಣಿಗೆ ತಾಗದ ಹಾಗೆ 2 ಇಂಚು ಮೇಲಿರ್ಲಿ.

ಇನ್ನೊಂದು, ಸಂದಿಲ್ಲದ ಹಲಗೆ ಬೇಲಿ ಗಾಳಿಗೆ ಹಾಯಿ ಕಟ್ಟಿದ ಹಾಗೆ, ಪೂರ್ತಿ ಹೊಡೆತ ಕಂಬದ ಮೇಲೇ. ಅಡ್ಡಪಟ್ಟಿಗೆ ಒಂದು ಹಲಗೆ ನಿಮ್ಮ ಕಡೆಯಿಂದ, ಮುಂದಿನದು ಅವರ ಕಡೆಯಿಂದ, ಅಂಚು ಸ್ವಲ್ಪ ಒಂದರ ಮೇಲೊಂದು ಬರೋ ಹಾಗೆ ಹೊಡೆಸಿ. ಗಾಳಿ ನುಸುಳಿ ಹೋಗುತ್ತೆ, ಮರೆನೂ ಇರುತ್ತೆ, ಎರಡೂ ಮನೆಗೆ ಒಂದೇ ಥರ ಕಾಣುತ್ತೆ, ಪಕ್ಕದವರಿಗೆ ಬೇಲಿಯ ಬೆನ್ನು ತೋರಿಸಿದ ಹಾಗಾಗಲ್ಲ. ಆದ್ರೆ ಹಲಗೆ ಹೊಡೆಯೋಕೆ ಆತುರ ಬೇಡ, ಕಾಂಕ್ರೀಟ್‌ಗೆ ನೀರು ಹಾಕ್ತಾ ಒಂದು ವಾರ ಬಿಡಿ, ಹಸಿ ಇದ್ದಾಗಲೇ ಸುತ್ತಿಗೆ ಏಟಿಗೆ ಕಂಬ ಅಲ್ಲಾಡಿದ್ರೆ ಆಮೇಲೆ ಅದು ಗಟ್ಟಿಯಾಗಿ ಕೂರಲ್ಲ.