ಅಂಗಳದ ಇಂಟರ್‌ಲಾಕ್‌ಗೆ ಸೀಲರ್ ಯಾವಾಗ?

ಬದಿಯಡ್ಕದಲ್ಲಿ ಹೋದ ಬೇಸಿಗೆಗೆ ಹಾಕಿಸಿದ ಇಂಟರ್‌ಲಾಕ್ (ಒಂದಕ್ಕೊಂದು ಸೇರಿಸಿ ಹಾಸುವ ಸಿಮೆಂಟ್ ಕಲ್ಲು) ಪಾಚಿ ಹಿಡಿದು ಜಾರುತ್ತದೆ, ಈ ಅಕ್ಟೋಬರ್‌ನಲ್ಲೇ ಸೀಲರ್ (ಕಲ್ಲು ನೀರು ಹೀರದಂತೆ ಹೊಡೆಯುವ ದ್ರಾವಣ) ಹೊಡೆಯಲಾ ಅಂತ ಕೇಳಿದ್ದೀರಿ. ಈಗ ಬೇಡ ಮಾರಾಯ್ರೇ. ತುಲಾ ಮಳೆ (ಹಿಂಗಾರು ಮಳೆ) ಇನ್ನೂ ಇದೆ, ಕಲ್ಲಿನೊಳಗೆ ತೇವ ಉಳಿದಿರುವಾಗ ಮೇಲೆ ಸೀಲರ್ ಬಿದ್ದರೆ ಅದು ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಡಿಸೆಂಬರ್‌ವರೆಗೆ ಕಾಯಿರಿ.

ಮೊದಲು ಪಾಚಿ ತೆಗೆಯಿರಿ. ಬ್ಲೀಚಿಂಗ್ ಪೌಡರ್ ನೀರು ಹಾಕಿ, ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ಗಿಡದ ಬುಡಕ್ಕೂ ಬಾವಿ ಕಡೆಗೂ ಆ ನೀರು ಹೋಗಬಾರದು. ಆಸಿಡ್ ಮಾತ್ರ ಮುಟ್ಟಬೇಡಿ, ಸಿಮೆಂಟನ್ನೇ ತಿನ್ನುತ್ತದೆ, ಬ್ಲೀಚಿಂಗ್ ಜೊತೆ ಸೇರಿದರೆ ವಿಷಗಾಳಿ ಬೇರೆ.

ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಸಂದಿನ ಮರಳು ಎದ್ದು ಹೋಗುತ್ತದೆ, ಹೋದಲ್ಲಿ ಒಣ ಮರಳು ತುಂಬಿಸಿ, ಯಾಕೆಂದರೆ ಕಲ್ಲು ಅಲುಗಾಡದಂತೆ ಹಿಡಿಯುವುದೇ ಅದು. ಆಮೇಲೆ ಕಡಿಮೆ ಅಂದರೂ 2 ದಿನ ಒಳ್ಳೆ ಬಿಸಿಲು ಬೇಕು.

ಹೊಳೆಯುವ ಅಕ್ರಿಲಿಕ್ ಸೀಲರ್ ನಮ್ಮ ಮಳೆಗೆ ಜಾರುತ್ತದೆ. ಒಳಗೆ ಇಳಿಯುವ ಸಿಲೇನ್-ಸಿಲೋಕ್ಸೇನ್ ಸೀಲರ್ ಕೇಳಿ, ಸಂಜೆ ಕಲ್ಲು ತಣಿದ ಮೇಲೆ ತೆಳ್ಳಗೆ ಹೊಡೆಯಿರಿ. ಅಡಿಕೆ ಹರಡುವ ಅಂಗಳ ಅಲ್ವಾ? ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಹರಡಬೇಡಿ. ನೀರು ನಿಲ್ಲುವ ತಗ್ಗು ಇದ್ದರೆ ಆ ಭಾಗ ಎಬ್ಬಿಸಿ ಇಳಿಜಾರು ಸರಿಮಾಡಿಸಿ, ಅದಿಲ್ಲದೆ ಯಾವ ಸೀಲರ್ ಹೊಡೆದರೂ ಪಾಚಿ ಮತ್ತೆ ಬರುತ್ತದೆ.